ವಾಸಿಯಾಗುವ ಮುಂಚೆಯೇ ಕೊಟ್ಟ ಕೃತಜ್ಞತಾ ಕಾಣಿಕೆ

ನನ್ನ ಕಾಯಿಲೆಗೆ ಇಲ್ಲಿಯವರೆಗೆ ಆದ ಖರ್ಚು ಇಷ್ಟು: ಹುಣಸೂರು ಬೈಪಾಸಿನ ಹತ್ತಿರದ ಒಂದು ಸೈಟು, ನಾಲ್ಕು ಬಳೆ, ವಾರಕ್ಕೆ ಮೂರು ಬೆಳಗು ಮತ್ತು ನನ್ನ ಎಡಗೈ. ಸೈಟು ಹೋದದ್ದು ಮೈಸೂರಿನ ಖಾಸಗಿ ಆಸ್ಪತ್ರೆಯ ಮೊದಲ ಎರಡು ತಿಂಗಳಿಗೆ. ಬಳೆ ಹೋದದ್ದು ಕೈಯ ಆಪರೇಷನ್‌ಗೆ, ರಕ್ತ ಏರಿಸುವ ಇಂಜೆಕ್ಷನ್‌ಗಳಿಗೆ. ಎಡಗೈ ಇದ್ದಲ್ಲೇ ಇದೆ. ಆದರೆ ಅದರಲ್ಲಿ ಒಂದು ಬಿಂದಿಗೆ ನೀರೂ ಎತ್ತುವಂತಿಲ್ಲ. ಅದು ಈಗ ಡಯಾಲಿಸಿಸ್ ಮಿಷನ್ನಿನ ಸ್ವತ್ತು. ಇದಲ್ಲದೆ ಇನ್ನೊಂದು ಐವತ್ತು ಸಾವಿರ ಹೋಯಿತು. ಅದು ಆಸ್ಪತ್ರೆಗಲ್ಲ. ನಮ್ಮ ಚರ್ಚಿಗೆ ನಾನೇ ಕೈಯಾರೆ ಕೊಟ್ಟದ್ದು, ಮುಂಗಡವಾಗಿ. ದೇವರಿಗೆ ಮುಂಗಡ ಕೊಟ್ಟರೆ ಏನಾಗುತ್ತದೆ ಎಂದು ಬೇರೆಯವರಿಗೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನನ್ನ ಕಸುಬು ಹಳೆ ಗೋಣಿಚೀಲ. ದಿನಸಿ ಅಂಗಡಿ, ಅಕ್ಕಿ ಗಿರಣಿಗಳಿಂದ ಹಳೆ ಚೀಲ ಕೊಂಡು, ಒದರಿ, ತೂತು ಹೊಲಿದು, ಪಿರಿಯಾಪಟ್ಟಣ, ಕೋಟೆ, ಸರಗೂರಿನ ಶುಂಠಿ ಬೆಳೆಗಾರರಿಗೆ ಮಾರುವುದು. ಶುರು ಮಾಡಿದಾಗ ನನ್ನ ಹತ್ತಿರ ಇದ್ದದ್ದು ಒಂದು ದಬ್ಬಣ, ಒಂದು ಉಂಡೆ ಹುರಿ. ನಮ್ಮ ಯಜಮಾನರು ದೇವದಾಸ್ ಗಾರೆ ಕೆಲಸದವರು, ಮಾತು ಕಮ್ಮಿ. ಮಾತೆಲ್ಲ ನನ್ನ ಪಾಲಿಗೆ ಬಂತು. ಚೀಲಕ್ಕೆ ನಾಲ್ಕಾಣೆ ಬಿಡದೆ ಚೌಕಾಸಿ ಮಾಡಿ ಮನೆ ಕಟ್ಟಿಸಿದೆ, ಮಗಳನ್ನು ನರ್ಸಿಂಗ್ ಓದಿಸಿ ಮದುವೆ ಮಾಡಿ ಮಡಿಕೇರಿಗೆ ಕಳಿಸಿದೆ. ಊರಲ್ಲಿ ನನ್ನನ್ನು ಗೋಣಿ ರತ್ನಮ್ಮ ಅನ್ನುತ್ತಾರೆ. ಆ ಹೆಸರಿಗೆ ನನ್ನ ತಕರಾರಿಲ್ಲ. ಗೋಣಿಯ ಸಣಬಿನ ವಾಸನೆ ಮೂಗಿಗೆ ಬಿದ್ದರೆ ಕೆಲವರಿಗೆ ಮಲ್ಲಿಗೆಯಿಂದ ಆಗುವುದು ನನಗಾಗುತ್ತಿತ್ತು.

ಚರ್ಚಿನ ವಿಷಯದಲ್ಲಿ ನಾನು ತಪ್ಪದೆ ಹೋಗುವವಳು, ಆದರೆ ಕೂರುವವಳಲ್ಲ. ಕಡೆಯ ಆಶೀರ್ವಾದಕ್ಕೆ ಮುಂಚೆಯೇ ಚಪ್ಪಲಿ ಹಾಕಿಕೊಂಡಿರುತ್ತಿದ್ದೆ. ಕಾಣಿಕೆ ಚೀಲ ಹತ್ತಿರ ಬಂದಾಗ ಹತ್ತು ರೂಪಾಯಿಯ ನೋಟನ್ನು ಎಂಟು ಮಡಿಕೆ ಮಾಡಿ ಹಾಕುತ್ತಿದ್ದೆ, ಪಕ್ಕದವರಿಗೆ ನೂರೋ ಹತ್ತೋ ಗೊತ್ತಾಗಬಾರದು. ನಮ್ಮಲ್ಲಿ ಸುಗ್ಗಿ ಹಬ್ಬದ ದಿನ ಮನೆಮನೆಯವರು ಬೆಳೆದದ್ದನ್ನು, ಅಡುಗೆ ಮಾಡಿದ್ದನ್ನು ತಂದು ಚರ್ಚಿನ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಹರಾಜು. ಇಪ್ಪತ್ತು ರೂಪಾಯಿಯ ಸೋರೆಕಾಯಿಯನ್ನು ಇನ್ನೂರಕ್ಕೆ ಕೂಗುವುದೇ ಅಲ್ಲಿನ ಸಂಪ್ರದಾಯ. ನಾನು ಅಲ್ಲೂ ಅಂಗಡಿ ರೇಟಿನ ಮೇಲೆ ಒಂದು ರೂಪಾಯಿ ಕೂಗಿದವಳಲ್ಲ. ಮಳೆ ಬಂದು ಜನ ಕಮ್ಮಿಯಾದ ಒಂದು ವರ್ಷ ಮೂರು ಕುಂಬಳಕಾಯಿ ಅಗ್ಗಕ್ಕೆ ಹೊಡೆದುಕೊಂಡು ಬಂದು, ಅದನ್ನು ವರ್ಷವೆಲ್ಲ ಹೇಳಿಕೊಂಡು ತಿರುಗಿದ್ದೆ.

ಮೂಟೆ ಎತ್ತಿ ಎತ್ತಿ ಸೊಂಟ ನೋವು. ಅದಕ್ಕೆ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗುತ್ತಾ ವರ್ಷಗಳು ಕಳೆದವು. ಬಿ.ಪಿ. ಇತ್ತು, ಅದರ ಮಾತ್ರೆ ಮರೆಯುತ್ತಿದ್ದೆ. ಒಂದು ದಿನ ಚಪ್ಪಲಿ ಕಾಲಿಗೆ ಹಿಡಿಯಲಿಲ್ಲ. ಬಾಯಲ್ಲಿ ಸದಾ ತುಕ್ಕಿನ ರುಚಿ. ಮಗಳು ಫೋನಿನಲ್ಲೇ ಜಗಳ ಮಾಡಿ ಮೈಸೂರಿಗೆ ಕಳಿಸಿದಳು. ಅಲ್ಲಿನ ಕಾಯುವ ಕೋಣೆಯಲ್ಲಿ ನಾಲ್ಕು ಗಂಟೆ ಕೂತೆವು. ಅಷ್ಟು ಹೊತ್ತು ನಾನು ಮಾಡಿದ್ದು ಒಂದೇ ಕೆಲಸ, ಎದುರು ಕೂತವರಲ್ಲಿ ಯಾರು ನನಗಿಂತ ಕೆಟ್ಟ ಸ್ಥಿತಿಯಲ್ಲಿದ್ದಾರೆ ಎಂದು ಅಂದಾಜು ಕಟ್ಟುವುದು. ನನ್ನ ಲೆಕ್ಕದಲ್ಲಿ ನಾನು ಆ ಸಾಲಿನಲ್ಲಿ ಎಲ್ಲರಿಗಿಂತ ಗಟ್ಟಿಯಿದ್ದೆ.

ಡಾಕ್ಟರು ಕಾಗದ ನೋಡಿ, "ಡಯಾಲಿಸಿಸ್ ಬೇಕಾಗುತ್ತಮ್ಮ, ವಾರಕ್ಕೆ ಮೂರು ಸಲ," ಎಂದರು.

"ಮೂರು ಜಾಸ್ತಿ ಆಯ್ತು ಸಾರ್. ಒಂದು ಮಾಡ್ಕಳಿ."

ಅವರು ಕನ್ನಡಕದ ಮೇಲಿಂದ ನೋಡಿದರು. "ಏನಂದ್ರಿ?"

"ಓಗ್ಲಿ ಬುಡಿ, ಎರಡು ವಾರಕ್ಕೆ ಮೂರು ಅನ್ನಿ."

ನಮ್ಮ ಯಜಮಾನರು ನೆಲ ನೋಡುತ್ತಿದ್ದರು. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಮೂರು ವಾರ ಮಾತ್ರೆ ಬರೆದು, ಆಮೇಲೆ ಇನ್ನೊಂದು ಸಲ ರಕ್ತ ನೋಡೋಣ, ಉಸಿರು ಕಟ್ಟಿದರೆ ಅವತ್ತೇ ಬನ್ನಿ ಎಂದು ಕಳಿಸಿದರು. ಮೂರು ವಾರ ಗೆದ್ದೆ ಎಂದುಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಯಜಮಾನರು ನನಗೆ ಒಂದು ಎಳನೀರು ಕೊಡಿಸಿದರು. ಕೊಡಿಸಿದ ಮೇಲೆ ಪಥ್ಯದ ಚೀಟಿ ಓದಿದರು. ಅದರಲ್ಲಿ ಎಳನೀರು ಬೇಡ ಎಂದಿತ್ತು. ನನ್ನ ಕೈಯಿಂದ ತೆಗೆದುಕೊಂಡು ತಾವೇ ಕುಡಿದು, ಬಸ್ಸು ಬರುವತನಕ ಮುಖ ಆ ಕಡೆ ಮಾಡಿ ನಿಂತಿದ್ದರು.

ಆ ಮೂರು ವಾರದಲ್ಲಿ ನಾನು ಒಂದು ಕೆಲಸ ಮಾಡಿದೆ. ನಮ್ಮ ಚರ್ಚಿನಲ್ಲಿ ಯಾರಿಗಾದರೂ ಒಳ್ಳೆಯದಾದರೆ ಒಂದು ಕವರಿನಲ್ಲಿ ದುಡ್ಡಿಟ್ಟು, ಮೇಲೆ ಹೆಸರು ಮತ್ತು ಕಾರಣ ಬರೆದು ಕೊಡುತ್ತಾರೆ. ಅದು ಕೃತಜ್ಞತಾ ಕಾಣಿಕೆ. ಭಾನುವಾರ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಅದನ್ನು ಎಲ್ಲರ ಮುಂದೆ ಓದುತ್ತಾರೆ: ಮಗನಿಗೆ ಕೆಲಸ ಸಿಕ್ಕಿದ್ದಕ್ಕೆ, ಹೆರಿಗೆ ಸುಸೂತ್ರವಾದದ್ದಕ್ಕೆ. ನಮ್ಮ ವ್ಯಾಪಾರದಲ್ಲಿ ಮುಂಗಡ ಕೊಟ್ಟ ಮಾಲು ಬೇರೆಯವರಿಗೆ ಹೋಗುವುದಿಲ್ಲ. ಕೊಟ್ಟವನಿಗೂ ಧೈರ್ಯ, ಪಡೆದವನಿಗೂ ಜವಾಬ್ದಾರಿ. ಹಾಗಾಗಿ ಐವತ್ತು ಸಾವಿರ ಕವರಿಗೆ ಹಾಕಿ ಬರೆದೆ: "ರತ್ನಮ್ಮ, ಕಿಡ್ನಿ ವಾಸಿಯಾದದ್ದಕ್ಕೆ."

ಅಯ್ಯನವರು ಓದಿದರು. ಚರ್ಚಿನಲ್ಲಿ ಸ್ತೋತ್ರ ಸ್ತೋತ್ರ ಎಂದು ಸದ್ದಾಯಿತು. ಹೊರಗೆ ಬಂದಾಗ ಹೆಂಗಸರು ಕೈ ಹಿಡಿದುಕೊಂಡರು. ಸ್ತ್ರೀಯರ ಕೂಟದ ಹಿರಿಯರು ಸತ್ಯಮ್ಮಕ್ಕ ಮಾತ್ರ ನನ್ನ ಪಾದದ ಕಡೆ ನೋಡಿದರು.

"ವಾಸಿ ಆಯ್ತೇನೇ ರತ್ನ? ಕಾಲು ಇನ್ನೂ ಹಲಸಿನ ಹಣ್ಣಂಗದೆ."

"ಆಯ್ತದೆ ಅಕ್ಕ. ಮೊದಲೇ ಕೊಟ್ಟಿವ್ನಿ."

"ಮೊದಲೇನಾ?" ಎಂದರು.

ಮೂರನೆಯ ವಾರ ರಕ್ತದ ಕಾಗದ ಮೊದಲಿಗಿಂತ ಕೆಟ್ಟದಾಗಿ ಬಂತು. ಕತ್ತಿನಲ್ಲಿ ನಳಿಕೆ ಹಾಕಿ ಡಯಾಲಿಸಿಸ್ ಶುರು ಮಾಡಿದರು. ಎರಡು ತಿಂಗಳು ಮೈಸೂರು. ಅಷ್ಟರಲ್ಲಿ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಎಡಗೈಯ ಆಪರೇಷನ್ ಆಗಿ, ರಕ್ತನಾಳ ಸೇರಿಸಿದ ಕಡೆ ಬೆಕ್ಕು ಗುರುಗುಟ್ಟಿದಂತೆ ಹಗಲೂ ರಾತ್ರಿ ನಡುಗಲು ಶುರುವಾಯಿತು. ಆಮೇಲೆ ನಮ್ಮೂರು ಹುಣಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು. ಅಲ್ಲಿ ಮಿಷನ್ನಿಗೆ ದುಡ್ಡಿಲ್ಲ. ಸೋಮವಾರ, ಬುಧವಾರ, ಶುಕ್ರವಾರ, ಬೆಳಿಗ್ಗೆ ಏಳರಿಂದ ಹನ್ನೊಂದು.

ಊರಿಗೆ ಬಂದ ವಾರವೇ ನಾನು ಅಯ್ಯನವರ ಮನೆಗೆ ಹೋಗಿ ದುಡ್ಡು ವಾಪಸು ಕೇಳಿದೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ, ಆವತ್ತೂ ಇರಲಿಲ್ಲ. ಮಾಲು ಬರದಿದ್ದರೆ ಮುಂಗಡ ವಾಪಸು, ಇದು ನ್ಯಾಯ. ಸತ್ಯಮ್ಮಕ್ಕ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಅದು ಖರ್ಚಾಗೋಯ್ತಲ್ಲ ರತ್ನಮ್ಮ," ಎಂದರು ಅಯ್ಯನವರು.

"ಯಾರನ್ನ ಕೇಳಿ ಖರ್ಚು ಮಾಡಿದ್ರಿ?"

"ನನ್ನ ಕೇಳಿ ಕಣೆ," ಎಂದರು ಸತ್ಯಮ್ಮಕ್ಕ, ಕಾಯಿಯಿಂದ ಕಣ್ಣೆತ್ತದೆ. "ನಿನ್ ಕಾಯಿಲೆಗೆ ಅಂತ ತಾನೆ ಕೊಟ್ಟಿದ್ದು? ಅದೇ ಕಾಯಿಲೆಗೆ ಹಾಕಿವ್ನಿ. ಹನಗೋಡು ಕಡೆಯಿಂದ ಮೂರು ಜನ ಡಯಾಲಿಸಿಸ್‌ಗೆ ಬತ್ತಾರೆ. ಏಳಕ್ಕೆ ಮುಟ್ಟೋ ಬಸ್ಸಿಲ್ಲ. ಒಂದು ವ್ಯಾನ್ ಗೊತ್ತು ಮಾಡಿವ್ನಿ. ಬಾಡಿಗೆ ಮುಂಗಡ ಕೊಟ್ಟಾಗದೆ. ನೀನೇ ಹೇಳ್ತೀಯಲ್ಲ, ಮುಂಗಡ ಕೊಟ್ರೆ ಮಾಲು ಬೇರೆಯವರಿಗೆ ಓಗಲ್ಲ ಅಂತ."

ಅಯ್ಯನವರು ಮೆತ್ತಗೆ ಹೇಳಿದರು: "ಒಂದು ಸಲ ಆ ವ್ಯಾನಲ್ಲಿ ಹೋಗಿ ಬನ್ನಿ. ನಿಮ್ಮ ದುಡ್ಡು ಎಲ್ಲಿಗೆ ಹೋಗಿದೆ ನೋಡಿ. ಆಮೇಲೂ ವಾಪಸು ಬೇಕು ಅಂದ್ರೆ ನನ್ನ ಸಂಬಳದಲ್ಲಿ ತಿಂಗಳು ತಿಂಗಳು ಕೊಡ್ತೀನಿ."

ನಾನು ಹೋದದ್ದು ದಯೆಯಿಂದಲ್ಲ. ವ್ಯಾನಿನವನು ಮೋಸ ಮಾಡುತ್ತಿದ್ದಾನೆ ಎಂಬ ಅನುಮಾನದಿಂದ. ನನ್ನ ಅನುಮಾನ ಸರಿಯಿತ್ತು. ಸಿದ್ದರಾಜು ಎಂಬ ಆ ಚಾಲಕ ಟ್ರಿಪ್ಪಿಗೆ ಒಂಬೈನೂರು ಹಿಡಿದಿದ್ದ. ಯಾರೂ ಬರದ ದಿನವೂ ಹೋಗಿ ಬಂದು ಬಾಡಿಗೆ ಬರೆದುಕೊಳ್ಳುತ್ತಿದ್ದ. ಹುಣಸೂರು ದಾಟುವಷ್ಟರಲ್ಲಿ ನಾನು ಚೌಕಾಸಿ ಶುರು ಮಾಡಿ, ಲಕ್ಷ್ಮಣತೀರ್ಥ ನದಿ ಕಾಣುವಷ್ಟರಲ್ಲಿ ಆರುನೂರೈವತ್ತಕ್ಕೆ ಇಳಿಸಿದ್ದೆ. ಇನ್ನೊಂದು ಕರಾರು ಹಾಕಿದೆ: ನಾನು ಬೆಳಿಗ್ಗೆ ಐದಕ್ಕೆ ಎಲ್ಲರನ್ನೂ ವಿಚಾರಿಸಿ ಫೋನ್ ಮಾಡಿದರೆ ಮಾತ್ರ ಗಾಡಿ ಹೊರಡಬೇಕು. ಫೋನ್ ಇಲ್ಲ ಅಂದರೆ ಬಾಡಿಗೆ ಇಲ್ಲ.

"ನೀವೇನು ಡಯಾಲಿಸಿಸ್ ಪೇಸೆಂಟಾ, ಇಲ್ಲ ಆರ್‌ಟಿಓನಾ?" ಎಂದ ಸಿದ್ದರಾಜು.

"ಎರಡೂ ಕಣಪ್ಪ. ಗಾಡಿ ನೋಡ್ಕಂಡು ಓಡ್ಸು."

ಹನಗೋಡಿನ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ನಿಂಗೇಗೌಡರು ಕೂತಿದ್ದರು. ಅರವತ್ತರ ಆಸುಪಾಸು, ತಲೆಗೆ ಟವಲು, ಮಡಿಲಲ್ಲಿ ಸ್ವೆಟರು. ನದಿ ಪಕ್ಕ ಸ್ವಲ್ಪ ಗದ್ದೆ, ಸ್ವಲ್ಪ ಬಾಳೆ. ಕಾಯಿಲೆಗೆ ಅದರಲ್ಲಿ ಅರ್ಧ ಗುತ್ತಿಗೆಗೆ ಹೋಗಿತ್ತು. ಆಸ್ಪತ್ರೆಯಲ್ಲಿ ಅವರ ಹಾಸಿಗೆ ನನ್ನ ಪಕ್ಕದ್ದೇ ಎಂದು ಆಗ ಗೊತ್ತಾಯಿತು. ಅಷ್ಟು ದಿನ ನಾನು ಆ ನಾಲ್ಕು ಗಂಟೆ ಗೋಡೆ ಕಡೆ ತಿರುಗಿ ಗಿರಾಕಿಗಳ ಜೊತೆ ಫೋನಿನಲ್ಲಿರುತ್ತಿದ್ದೆ.

"ವ್ಯಾನು ನಿಮ್ದಂತೆ?" ಎಂದರು ಗೌಡರು.

"ದುಡ್ಡು ನಂದು. ವ್ಯಾನು ನಂದಲ್ಲ."

"ಎಲ್ಲಾ ಒಂದೇ ಬುಡಿ. ನಾನು ಮಾದೇಸ್ವರನ್ನ ಕೇಳ್ಕಂಡೆ, ಯೇಸಪ್ಪ ಕಳ್ಸವ್ನೆ. ಇಬ್ರೂ ಮಾತಾಡ್ಕಂಡವ್ರೆ ಅಂತ ಕಾಣ್ತದೆ."

ಈಗ ನನ್ನ ಕಳ್ಳ ಲೆಕ್ಕವನ್ನೂ ಹೇಳಬೇಕು. ಆಗ ನಾನು ಡಯಾಲಿಸಿಸ್ಸನ್ನು ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸುತ್ತಾ ಬಂದು ಬಿಟ್ಟೇಬಿಡುವ ಯೋಚನೆಯಲ್ಲಿದ್ದೆ. ಯಾರಿಗೂ ಹೇಳಿರಲಿಲ್ಲ. ವಾಸಿಯಾಗದ ಕಾಯಿಲೆಗೆ ವಾರಕ್ಕೆ ಮೂರು ಬೆಳಗು ಸುರಿಯುವುದು ತೂತು ಚೀಲಕ್ಕೆ ರಾಗಿ ತುಂಬಿದ ಹಾಗೆ ಎನ್ನಿಸಿತ್ತು. ಬಿಟ್ಟರೆ ಎಷ್ಟು ದಿನ ಎಂಬುದೂ ಗೊತ್ತಿತ್ತು. ಮಗಳ ಮದುವೆಯಾಗಿದೆ, ಮನೆಯಿದೆ, ಯಜಮಾನರಿಗೆ ಕೆಲಸವಿದೆ, ಸಾಕು. ಕಣ್ಣೀರಿಲ್ಲದೆ ಯೋಚಿಸಿದ್ದು. ಅಂಗಡಿ ಮುಚ್ಚುವ ಯೋಚನೆಯಂತೆಯೇ ಇತ್ತು ಅದು.

ಹಾಗಾಗಿ ಸರಗೂರಿನಿಂದ ಎರಡು ಸಾವಿರ ಚೀಲದ ಆರ್ಡರು ಬಂದಾಗ ಬುಧವಾರದ ಡಯಾಲಿಸಿಸ್ ಬಿಟ್ಟು, ನಾಲ್ಕಕ್ಕೇ ಎದ್ದು ಗೂಡ್ಸ್ ಗಾಡಿ ಹತ್ತಿದೆ. ಶುಂಠಿ ಕೀಳುತ್ತಿದ್ದ ಹೊಲ ಕಾಡಿನಂಚಿನಲ್ಲಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ. ವ್ಯಾಪಾರ ಚೆನ್ನಾಗಿಯೇ ಆಯಿತು. ಮಧ್ಯಾಹ್ನ ಸರಗೂರು ಪೇಟೆಗೆ ಬಂದಾಗ ಫೋನು ಬಡಿದುಕೊಳ್ಳತೊಡಗಿತು. ಗೌಡರ ನಂಬರು, ಹನ್ನೊಂದು ಸಲ. ಐದು ಗಂಟೆಗೆ ಸಿದ್ದರಾಜುವಿಗೆ ಫೋನ್ ಮಾಡಬೇಕಿದ್ದವಳು ನಾನು. ಮರೆತಿದ್ದೆ. ನನ್ನದೇ ಕರಾರಿನಂತೆ ಗಾಡಿ ಹೊರಟಿರಲಿಲ್ಲ.

ಉಳಿದಿಬ್ಬರನ್ನು ಅವರವರ ಮನೆಯವರು ಬೈಕಿನಲ್ಲಿ ಕರೆತಂದರಂತೆ. ಗೌಡರು ಕಲ್ಲುಬೆಂಚಿನ ಮೇಲೆ ಹತ್ತು ಗಂಟೆವರೆಗೆ ಕೂತು, ಬಸ್ಸು ಹತ್ತಿ ಬರುವಷ್ಟರಲ್ಲಿ ಅವರ ಸರದಿ ಮುಗಿದು ಹೋಗಿತ್ತು. ಮಾರನೆಯ ದಿನ ಮಧ್ಯಾಹ್ನಕ್ಕೆ ಉಸಿರು ಕಟ್ಟಿ ಮೈಸೂರಿಗೆ ಸಾಗಿಸಿದರು. ಶುಕ್ರವಾರ ನನ್ನ ಪಕ್ಕದ ಹಾಸಿಗೆ ಖಾಲಿಯಿತ್ತು. ನನಗೂ ಆವತ್ತು ಏದುಸಿರು, ಆದರೆ ನಾನು ನೋಡುತ್ತಿದ್ದದ್ದು ಆ ಹಾಸಿಗೆಯನ್ನು.

ಶನಿವಾರ ಮೈಸೂರಿಗೆ ಹೋದೆ. ತೀವ್ರ ನಿಗಾ ಘಟಕದ ಹೊರಗೆ ಅವರ ಹೆಂಡತಿ ಚಿಕ್ಕತಾಯಮ್ಮ ಚಾಪೆ ಹಾಸಿಕೊಂಡು ಕೂತಿದ್ದರು. ನಾನು ಯಾರೆಂದು ಹೇಳಿದೆ.

"ನೀವೇನಾ? ಯಾಪಾರಕ್ಕೆ ಓಗಿದ್ರಂತೆ?"

"ಊಂ ಕಣವ್ವ. ತಪ್ಪಾಯ್ತು."

"ನಾನು ಬಾರಯ್ಯ ಮನೆಗೆ ಅಂತ ಎರಡು ದಪ ಕರ್ದೆ. ಬರ್ನಿಲ್ಲ. ಆ ಯಮ್ಮ ಮರೆಯೋರಲ್ಲ, ಇನ್ನೇನು ಬತ್ತದೆ ಗಾಡಿ ಅಂತ ಕುಂತ್ರು. ಬಿಸ್ಲು ಏರೋತಂಕ ಕುಂತೇ ಇದ್ರು."

ನನ್ನ ಕೈಯಲ್ಲಿ ಸರಗೂರಿನ ದುಡ್ಡಿತ್ತು. ಅಷ್ಟನ್ನೂ ಮುಂದೆ ಹಿಡಿದೆ. ಆಕೆ ನೋಡಲೂ ಇಲ್ಲ.

"ದುಡ್ ಬ್ಯಾಡ ಕಣವ್ವ. ಪೋನ್ ಮಾಡಿ, ಸಾಕು."

ಆ ಕಾಯುವ ಕೋಣೆಯಲ್ಲಿ ನಾನು ಸಂಜೆತನಕ ಕೂತೆ. ಅದೇ ಥರದ ಕುರ್ಚಿ, ಅದೇ ಫಿನಾಯಿಲ್ ವಾಸನೆ. ಆದರೆ ಈ ಸಲ ಯಾರ ಸ್ಥಿತಿ ಹೇಗಿದೆ ಎಂದು ಅಂದಾಜು ಕಟ್ಟಲಿಲ್ಲ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಚಿಕ್ಕತಾಯಮ್ಮನೂ ಏಳುತ್ತಿದ್ದರು. ಮೂರನೆಯ ಸಲ ಆಕೆ ಚಾಪೆಯ ಒಂದು ಕಡೆ ಸರಿದು ನನಗೆ ಜಾಗ ಬಿಟ್ಟರು. ಗೌಡರು ಐದು ದಿನ ಒಳಗಿದ್ದು ಹೊರಗೆ ಬಂದರು.

ಅಲ್ಲಿಂದ ಮುಂದೆ ನಾನು ಒಂದೂ ಡಯಾಲಿಸಿಸ್ ಬಿಟ್ಟಿಲ್ಲ. ಬದುಕಬೇಕೆಂಬ ಆಸೆ ಹುಟ್ಟಿ ಅಲ್ಲ. ಐದಕ್ಕೆ ಫೋನ್ ಮಾಡಬೇಕು, ಮಾಡಬೇಕಾದರೆ ಎದ್ದಿರಬೇಕು, ಎದ್ದ ಮೇಲೆ ಆಸ್ಪತ್ರೆಗೆ ಹೋಗುವುದು, ಮಿಷನ್ನಿಗೆ ಕೈ ಕೊಡುವುದು, ಎಲ್ಲ ಒಂದರ ಹಿಂದೆ ಒಂದು ಆಗಿಹೋಗುತ್ತದೆ. ವ್ಯಾನು ನಿಲ್ಲಬಾರದೆಂದು ಸ್ತ್ರೀಯರ ಕೂಟ ತಿಂಗಳಿಗಿಷ್ಟು ಎತ್ತುತ್ತದೆ, ನಾನೂ ಹಾಕುತ್ತೇನೆ. ನೋಟಿಗೆ ಈಗ ಮಡಿಕೆ ಒಂದೇ. ಸಿದ್ದರಾಜುವಿನ ಕರಾರನ್ನು ತಿರುಗಿಸಿ ಹಾಕಿದೆ: ಬೇಡ ಎಂದು ಫೋನ್ ಬಂದರೆ ಮಾತ್ರ ನಿಲ್ಲಬೇಕು, ಇಲ್ಲದಿದ್ದರೆ ಗಾಡಿ ಹೊರಡಲೇಬೇಕು. ಇದರಿಂದ ಆಗೊಂದು ಈಗೊಂದು ಖಾಲಿ ಟ್ರಿಪ್ಪಿನ ನಷ್ಟವಿದೆ. ಇರಲಿ. ಗಾಡಿ ತಾನಾಗಿ ಹೊರಟರೂ ಐದಕ್ಕೆ ಗೌಡರ ಮನೆಗೆ ಮಾಡುವ ಫೋನು ನಾನು ನಿಲ್ಲಿಸಿಲ್ಲ, ಅದು ಚಿಕ್ಕತಾಯಮ್ಮನಿಗೆ ಕೊಟ್ಟ ಮಾತು.

ಒಂದು ಮಂಗಳವಾರ ಚೀಲ ಹೊಲಿಯುತ್ತಾ ಕೂತಿದ್ದೆ. ಭಾರಿ ಬಿಸಿಲು. ಡಯಾಲಿಸಿಸ್ಸಿನವರಿಗೆ ನೀರು ಅಳತೆಯಲ್ಲೇ. ಗೌಡರು ಇಷ್ಟು ಹೊತ್ತಿಗೆ ಎರಡು ಲೋಟ ನೀರು ಕುಡಿದುಬಿಟ್ಟಿರುತ್ತಾರೆ ಎಂದು ಯೋಚನೆ ಬಂತು. ಫೋನ್ ಮಾಡಿ ಬೈದೆ. ಇಟ್ಟ ಮೇಲೆ ನನಗೇ ಆಶ್ಚರ್ಯ. ಮಂಗಳವಾರ ನನಗೂ ಅವರಿಗೂ ಏನು ಸಂಬಂಧ? ಪ್ರೀತಿಯಿದ್ದರೆ ಕೊಡುತ್ತಾರೆ, ನನಗೆ ಅಷ್ಟು ಪ್ರೀತಿಯಿಲ್ಲ, ಅದಕ್ಕೆ ಹತ್ತು ರೂಪಾಯಿ ಎಂದು ಅಷ್ಟು ವರ್ಷ ನನ್ನನ್ನೇ ನಾನು ಒಪ್ಪಿಸಿಕೊಂಡಿದ್ದೆ. ವ್ಯಾಪಾರದವಳಾಗಿ ನನಗೆ ಮೊದಲೇ ಹೊಳೆಯಬೇಕಿತ್ತು. ಶುಂಠಿ ಹೊಲಕ್ಕೆ ದುಡ್ಡು ಹಾಕಿದವನು ಆ ಹೊಲದ ಮೇಲಿನ ಮೋಡವನ್ನೇ ನೋಡುತ್ತಾನೆ. ಪಕ್ಕದ ಹೊಲದ ಮೇಲೆ ಮಳೆಯಾದರೆ ಅವನಿಗೇನು? ನನ್ನ ದುಡ್ಡೂ ಹೊತ್ತೂ ವರ್ಷಾನುಗಟ್ಟಲೆ ಗೋಣಿಗೆ ಹೋಗಿತ್ತು, ಅದಕ್ಕೇ ಗೋಣಿಯ ವಾಸನೆ ಮಲ್ಲಿಗೆಯಾಗಿತ್ತು. ಈಗ ಸ್ವಲ್ಪ ಹನಗೋಡಿಗೆ ಹೋಗುತ್ತಿದೆ. ಮನಸ್ಸೂ ಆ ರಸ್ತೆ ಹಿಡಿದಿದೆ.

ಸುಗ್ಗಿ ಹಬ್ಬಕ್ಕೆ ಗೌಡರು ಒಂದು ಬಾಳೆಗೊನೆ ಕಳಿಸಿದರು. ನಮ್ಮಂಥ ಕಿಡ್ನಿಯವರಿಗೆ ಬಾಳೆಹಣ್ಣು ಬೇಡ ಅನ್ನುತ್ತಾರೆ. "ನಾನೂ ತಿನ್ನಂಗಿಲ್ಲ, ನೀವೂ ತಿನ್ನಂಗಿಲ್ಲ, ನಿಮ್ ದೇವ್ರಾದ್ರೂ ತಿನ್ಲಿ ತಗಳಿ," ಎಂದು ವ್ಯಾನಿನ ಹಿಂದೆ ಹಾಕಿಸಿದ್ದರು. ಹರಾಜಿನಲ್ಲಿ ಅದು ಇನ್ನೂರರಿಂದ ಶುರುವಾಯಿತು. ನಾನು ಐನೂರು ಎಂದೆ. ಜನ ತಿರುಗಿ ನೋಡಿದರು. ಯಾರೋ ತಮಾಷೆಗೆ ಆರುನೂರು ಎಂದರು. ಸಾವಿರ ಎಂದೆ.

"ಲೇ ರತ್ನ, ನಿಂಗೆ ಜ್ವರಾನಾ?" ಎಂದರು ಸತ್ಯಮ್ಮಕ್ಕ.

"ಕೂಗಕ್ಕ ನೀನೂ. ಹೆದರ್ಕಂಡ್ಯಾ?"

ಸಾವಿರದ ಇನ್ನೂರಕ್ಕೆ ನನಗಾಯಿತು. ತಿನ್ನುವಂತಿಲ್ಲದ ಹಣ್ಣಿಗೆ ನನ್ನ ಜೀವನದಲ್ಲೇ ಕೆಟ್ಟ ವ್ಯಾಪಾರ. ಡಯಾಲಿಸಿಸ್ ವಾರ್ಡಿನ ನರ್ಸುಗಳಿಗೆ, ಹೊರಗೆ ಕಾಯುವವರಿಗೆ ಹಂಚಿದೆವು. ಗೌಡರು ಹಾಸಿಗೆಯಿಂದಲೇ, "ಎಂಗವೆ ಅಣ್ಣು?" ಎಂದು ಒಬ್ಬೊಬ್ಬರನ್ನೂ ಕೇಳಿದರು.

ಇನ್ನು ನಿಮಗೆ ನಾಲ್ಕು ಮಾತು. ಸೊಂಟ ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ. ಡಯಾಲಿಸಿಸ್‌ಗೆ ಹೋಗುವಾಗ ಬೇಸಿಗೆಯಲ್ಲೂ ಸ್ವೆಟರು ಒಯ್ಯಿರಿ, ಎರಡನೆಯ ಗಂಟೆಗೆ ನಡುಕ ಬರುತ್ತದೆ. ದಿನದ ನೀರು ಎಷ್ಟೆಂದು ನಿಮ್ಮ ಡಾಕ್ಟರು ಹೇಳುತ್ತಾರೋ ಅಷ್ಟನ್ನು ಬೆಳಿಗ್ಗೆಯೇ ಬಾಟಲಿಗೆ ತುಂಬಿಡಿ, ಮುಗಿದರೆ ಮುಗಿಯಿತು. ಬೆಲೆಯಲ್ಲಿ ಚೌಕಾಸಿ ಮಾಡಿ, ಡಯಾಲಿಸಿಸ್ಸಿನ ಸರದಿಯಲ್ಲಿ ಮಾಡಬೇಡಿ. ದೇವರಿಗೆ ಮುಂಗಡ ಕೊಟ್ಟು ಮಾಲಿಗೆ ಕಾಯಬೇಡಿ. ನನಗೆ ಕಿಡ್ನಿ ವಾಪಸು ಬರಲಿಲ್ಲ. ಆದರೆ ಕೊಡಿ. ಮನಸ್ಸು ಬರಲಿ ಆಮೇಲೆ ಕೊಡೋಣ ಎಂದು ಕೂತರೆ ನನ್ನಂತೆ ಎಂಟು ಮಡಿಕೆಯಲ್ಲೇ ಆಯುಷ್ಯ ಕಳೆಯುತ್ತದೆ. ಕೊಟ್ಟ ಮೇಲೆ ಆ ದುಡ್ಡಿನ ಬೆನ್ನು ಹಿಡಿದು ಹೋಗಿ, ಅನುಮಾನದಿಂದ ಹೋದರೂ ಪರವಾಗಿಲ್ಲ, ಅದು ಯಾರ ಮನೆ ಮುಂದೆ ನಿಂತಿದೆಯೋ ನೋಡಿ ಬನ್ನಿ. ಎಲ್ಲಕ್ಕಿಂತ ಮುಖ್ಯವಾದದ್ದು, ಕಾಯಿಲೆ ಬಿದ್ದ ಮೊದಲ ವಾರದಲ್ಲೇ ಮಾಡಬೇಕಾದದ್ದು: ನಿಮ್ಮ ಫೋನಿಗೆ ಕಾಯುವ ಒಬ್ಬರನ್ನು ಹುಡುಕಿಕೊಳ್ಳಿ. ಅಲಾರಂ ಐದಕ್ಕೆ ಇಡಿ.